ತಿರುವಿನ ಹೊರೆಗಲ್ಲು

“ಗುರುಗಳೇ, ಕೋಟಿಗಟ್ಟಲೆ ಗಳಿಸಿದವನೊಬ್ಬ ಇದ್ದದ್ದನ್ನೆಲ್ಲ ದಾನಕ್ಕೆ ಬರೆದುಕೊಟ್ಟರೆ ನಾವು ಅವನಿಗೆ ಕೈಮುಗಿಯಬೇಕೋ, ಅವನನ್ನು ಅನುಮಾನಿಸಬೇಕೋ?” ಎಂದು ಚರಂತಯ್ಯ ಕೇಳಿದ.

ಮಠದಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಚರಂತಯ್ಯ ಆ ಮಠದ ಶಿಷ್ಯ. ಓದಲೆಂದು ಬಂದು ಅಲ್ಲೇ ಉಳಿದವನು. ಪಡಸಾಲೆಯ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದ. ಆ ವಾರವೆಲ್ಲ ಊರಲ್ಲಿ ಇದೇ ಮಾತು. ಪಟ್ಟಣದ ದೊಡ್ಡ ಸಿರಿವಂತನೊಬ್ಬ ತನ್ನ ಆಸ್ತಿಯನ್ನೆಲ್ಲ ಆಸ್ಪತ್ರೆಗೆ, ಶಾಲೆಗೆ ಕೊಡುವುದಾಗಿ ಸಾರಿದ್ದ. ಕೆಲವರು ಅವನನ್ನು ದೇವರೆಂದರು, ಕೆಲವರು ಕಳ್ಳನೆಂದರು. ಚರಂತಯ್ಯನಿಗೆ ಎರಡನೆಯವರ ಮಾತೇ ಹೆಚ್ಚು ರುಚಿಸಿತ್ತು.

“ಕೊಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲು ತೆಗೆದುಕೊಂಡದ್ದನ್ನು ಯಾರೂ ಕೇಳುವುದಿಲ್ಲ” ಎಂದು ತಾನೇ ಸೇರಿಸಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಕಡಲ ತೀರದಲ್ಲಿ ಬೆಳೆದ ಉಪ್ಪು ಘಟ್ಟದ ಮೇಲಿನ ಊರುಗಳಿಗೆ ಹೋಗಬೇಕು. ಘಟ್ಟದ ದಾರಿ ಗಾಡಿಗೆ ಒಗ್ಗುವಂಥದ್ದಲ್ಲ. ಗಂಡಸರು, ಹೆಂಗಸರು ಉಪ್ಪಿನ ಮೂಟೆಯನ್ನು ತಲೆಯ ಮೇಲೆ ಹೊತ್ತು ಹತ್ತುತ್ತಿದ್ದರು. ವ್ಯಾಪಾರಿ ಕೆಳಗಿನ ಪೇಟೆಯಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದ. ಹೊರುವವರಿಗೆ ಕೂಲಿ ಕೊಡುತ್ತಿದ್ದದ್ದು ಅವನ ಗುಮಾಸ್ತ. ಹೀಗಾಗಿ ಅವರ ಮುಖ ಇವನಿಗೆ ಗೊತ್ತಿರಲಿಲ್ಲ, ಇವನ ಮುಖ ಅವರಿಗೆ ಗೊತ್ತಿರಲಿಲ್ಲ. ಉಪ್ಪು ಬೇಡವೆನ್ನುವ ಮನೆ ಎಲ್ಲಿದೆ? ಅವನ ಹಣ ಬೆಳೆಯಿತು. ಬೆಳೆದ ಹಣ ಇನ್ನಷ್ಟು ಹಣವನ್ನು ಕರೆದು ತಂದಿತು. ಲಕ್ಷ್ಮಿ ಚಂಚಲೆ ಅನ್ನುತ್ತಾರೆ. ಅವನ ಮನೆಯಲ್ಲಿ ಮಾತ್ರ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟಳು.

ವಯಸ್ಸಾದ ಮೇಲೆ ವ್ಯಾಪಾರಿಗೆ ಒಂದು ಯೋಚನೆ ಬಂತು. ಹೆಣ್ಣುಮಕ್ಕಳು ಅವರವರ ಮನೆಗಳಲ್ಲಿ ಚೆನ್ನಾಗಿದ್ದರು. ಹೋಗುವಾಗ ಕಟ್ಟಿಕೊಂಡು ಹೋಗುವುದು ಏನೂ ಇಲ್ಲ. ಇರಲೊಂದು ಮನೆ, ಹಾಲಿಗೊಂದು ಹಸು, ನಡೆಯುತ್ತಿದ್ದ ವ್ಯಾಪಾರ ಇಷ್ಟನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೊಟ್ಟುಬಿಡುವುದೆಂದು ಮನಸ್ಸು ಗಟ್ಟಿಮಾಡಿದ. ಗುಮಾಸ್ತ ತಲೆ ಚಚ್ಚಿಕೊಂಡ. ವ್ಯಾಪಾರಿ ಕೇಳಲಿಲ್ಲ. ಕೆರೆ ಕಟ್ಟಿಸಿದ, ಛತ್ರ ಕಟ್ಟಿಸಿದ. ಕೊನೆಗೆ ಘಟ್ಟದ ದಾರಿಯುದ್ದಕ್ಕೂ ಹೊರೆಗಲ್ಲು ನಿಲ್ಲಿಸಲು ಕಲ್ಲುಕುಟಿಗರನ್ನು ಕರೆಸಿದ.

ಹೊರೆಗಲ್ಲೆಂದರೆ ಎರಡು ಕಲ್ಲುಗಳನ್ನು ನೆಟ್ಟು, ಮೇಲೊಂದು ಚಪ್ಪಡಿಯನ್ನು ಅಡ್ಡ ಹಾಸಿದ್ದು. ಆಳಿನ ತಲೆಯ ಎತ್ತರಕ್ಕೆ ಇರುತ್ತದೆ. ತಲೆಹೊರೆಯನ್ನು ಒಬ್ಬರೇ ಇಳಿಸಲು ಬರುವುದಿಲ್ಲ. ಹೇಗೋ ಇಳಿಸಿದರೆ ಒಬ್ಬರೇ ಎತ್ತಲು ಬರುವುದಿಲ್ಲ. ಹೊರೆಗಲ್ಲಿದ್ದರೆ ಯಾರ ಕೈಯನ್ನೂ ಕಾಯಬೇಕಾಗಿಲ್ಲ. ಹೊರೆಯನ್ನು ಚಪ್ಪಡಿಗೆ ಜಾರಿಸಿ, ಉಸಿರು ತೆಗೆದುಕೊಂಡು, ಮತ್ತೆ ತಲೆಗೆ ಜಾರಿಸಿಕೊಂಡು ಹೋಗಬಹುದು.

ಕಲ್ಲುಗಳು ಒಂದೊಂದಾಗಿ ನಿಂತವು. ಘಟ್ಟದ ನೆತ್ತಿಯ ಹತ್ತಿರ ಒಂದು ಕಡಿದಾದ ತಿರುವಿತ್ತು. ಅಲ್ಲಿಯದೊಂದು ಮಾತ್ರ ಬಾಕಿ ಉಳಿಯಿತು. ಅದನ್ನು ಘಟ್ಟದ ಬುಡದಲ್ಲಿ ಕಡೆದಿಟ್ಟಿದ್ದರು. ಎರಡು ದಿನ ಬಿಟ್ಟು ಮೇಲಕ್ಕೆ ಸಾಗಿಸಬೇಕಿತ್ತು.

ಆಗ ವ್ಯಾಪಾರಿಗೆ ಒಂದು ಆಸೆ ಹುಟ್ಟಿತು. ಕೊಟ್ಟವರಿಗೆಲ್ಲ ಹುಟ್ಟುವ ಆಸೆಯೇ ಅದು, ಅವನದೇನೂ ವಿಶೇಷವಲ್ಲ. ಜನ ತನ್ನನ್ನು ಏನನ್ನುತ್ತಾರೆ ಎಂದು ಒಮ್ಮೆ ಕಿವಿಯಾರೆ ಕೇಳಬೇಕು. ಕಲ್ಲಿನ ಮೇಲೆ ಹೆಸರು ಕೆತ್ತಬೇಡ ಎಂದು ಕಲ್ಲುಕುಟಿಗನಿಗೆ ತಾನೇ ಹೇಳಿದ್ದ. ಆದರೆ ಆ ಹೆಸರು ಜನರ ಬಾಯಲ್ಲಾದರೂ ಇರಬೇಡವೇ? ಹಳೆಯ ಕಂಬಳಿ ಹೊದ್ದು, ಬೆಳಗ್ಗೆ ಬೇಗ ಘಟ್ಟ ಹತ್ತಿ, ನಡುದಾರಿಯ ಹೊರೆಗಲ್ಲಿನ ಪಕ್ಕ ದಾರಿಹೋಕನಂತೆ ಕುಳಿತ.

ಮೊದಲು ಇಬ್ಬರು ಗಂಡಸರು ಬಂದರು. ಹೊರೆಯನ್ನು ಕಲ್ಲಿಗೆ ಜಾರಿಸಿ “ಉಸ್ಸಪ್ಪಾ” ಎಂದರು. ಬೆವರು ಒರೆಸಿಕೊಂಡರು. ಆಮೇಲೆ ಮಾತು ಶುರುವಾಯಿತು.

“ಈ ಕಲ್ಲು ನಿಲ್ಸಿದೋನು ಯಾರು ಗೊತ್ತೇನೋ? ಆ ಉಪ್ಪಿನ ಸಾವುಕಾರ. ಜೀವಮಾನವೆಲ್ಲಾ ನಮ್ಮ ಬೆನ್ನು ಮುರಿದು, ಈಗ ಕಲ್ಲು ನಿಲ್ಸಿ ಪುಣ್ಯ ಕಟ್ಕೊಳ್ತಾನಂತೆ.”

“ಹಸು ಕೊಂದು ಚಪ್ಪಲಿ ದಾನ ಮಾಡಿದಂಗೆ” ಎಂದು ಇನ್ನೊಬ್ಬ ನಕ್ಕ.

ಕಂಬಳಿಯೊಳಗೆ ವ್ಯಾಪಾರಿಯ ಮುಖ ಬಿಸಿಯಾಯಿತು. ಅವರ ಹಿಂದೆ ಬಂದವನು, ಇದು ಯಮನಿಗೆ ಕೊಡುವ ಲಂಚ ಎಂದ. ಅವನ ಹಿಂದೆ ಬಂದವಳು, ಕಲ್ಲು ನಿಲ್ಲಿಸುವ ಬದಲು ಕೂಲಿ ಹೆಚ್ಚಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದುದರಿಂದಲೇ ಹೆಚ್ಚು ನಾಟಿತು. ಒಬ್ಬ ಮುದುಕ ಮಾತ್ರ ಏನೂ ಅನ್ನದೆ ಹೊರೆ ಎತ್ತಿಕೊಂಡು ಹೋದ. ಇವನೊಬ್ಬನಾದರೂ ನನ್ನ ಕಡೆ ಇದ್ದಾನಲ್ಲ ಎಂದು ವ್ಯಾಪಾರಿ ಹಿಗ್ಗಿದ. ಅವನು ಮೂಕನೆಂದು ಆಮೇಲೆ ಗೊತ್ತಾಯಿತು.

ಬಿಸಿಲು ಏರುವಷ್ಟರಲ್ಲಿ ವ್ಯಾಪಾರಿಯ ಮನಸ್ಸು ಕಹಿಯಾಗಿತ್ತು. ಕೊಟ್ಟವನು ಕೋಡಂಗಿ ಎಂಬ ಗಾದೆ ತನಗಾಗಿಯೇ ಹುಟ್ಟಿದ್ದೆನಿಸಿತು. ತಿರುವಿನ ಜಾಗ ನೋಡಲೆಂದು ಕಲ್ಲುಕುಟಿಗ ಆ ದಾರಿಯಲ್ಲಿ ಬಂದ. ವ್ಯಾಪಾರಿ ಅವನನ್ನು ಹತ್ತಿರ ಕರೆದು, ಆ ಕಲ್ಲು ನಿಲ್ಲಿಸುವುದು ಬೇಡ, ನಾಳೆಯಿಂದ ಕೆಲಸವಿಲ್ಲ ಎಂದು ಹೇಳಿ ವಾಪಸು ಕಳಿಸಿದ. ಇಷ್ಟು ಮಾತಾಡುವವರಿಗೆ ಕಲ್ಲು ಯಾಕೆ, ಮಾತಿನ ಮೇಲೇ ಹೊರೆ ಇಳಿಸಲಿ ಎಂದು ಮನಸ್ಸಿನಲ್ಲೇ ಬೈದ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದಳು. ತುಂಬಿದ ಬಸುರಿ. ಉಪ್ಪಿನ ಮೂಟೆಯನ್ನು ಕಲ್ಲಿಗೆ ಜಾರಿಸಿ, “ಉಸ್ಸಪ್ಪಾ” ಎಂದು, ಆ ಕಲ್ಲಿಗೇ ಒರಗಿದಳು.

“ಅಜ್ಜಾ, ಮೇಲಿನ ತಿರುವಿನಾಗೆ ಕಲ್ಲು ನಿಂತೈತಾ?”

“ಇಲ್ಲಮ್ಮ. ಇನ್ನು ನಿಲ್ಲೋದೂ ಇಲ್ಲವಂತೆ. ಜನ ಆಡೋ ಮಾತು ಕೇಳಿ ಸಾವುಕಾರನಿಗೆ ಬೇಸರ ಆಗಿದೆಯಂತೆ.”

ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡಳು. “ಆಡಿದ್ದು ಬಾಯಿ. ಕಲ್ಲು ಬೇಕಾಗಿರೋದು ತಲೆಗಲ್ವಾ?” ಎಂದಳು. ಆಮೇಲೆ ಬೈಯಲೂ ಇಲ್ಲ, ಅಳಲೂ ಇಲ್ಲ. “ಹಂಗಾದ್ರೆ ನೀನೇ ಬಾರಜ್ಜ. ಹೋದ ಸಲ ಅಲ್ಲಿ ಕಣ್ಣಿಗೆ ಕತ್ತಲೆ ಕಟ್ಟಿ ಬೀಳೋಳಿದ್ದೆ. ಹೊಟ್ಟೇಲಿರೋದನ್ನ ನೆನೆಸ್ಕೊಂಡ್ರೆ ಭಯ ಆಗ್ತದೆ. ಒಂದು ಕೈ ಕೊಡು, ಸಾಕು.”

ವ್ಯಾಪಾರಿ ಕಂಬಳಿ ಕೊಡವಿ ಎದ್ದ. ಅವಳ ಹಿಂದೆ ಹತ್ತಿದ. ತಿರುವಿಗೆ ಬರುವಷ್ಟರಲ್ಲಿ ಬರಿಗೈಯಲ್ಲಿ ಬಂದ ಅವನಿಗೇ ಏದುಸಿರು. ಹೆಂಗಸಿನ ಕಾಲು ನಡುಗತೊಡಗಿತು. ಕೆಳಗೆ ಇಳಿಸೋಣವೆಂದರೆ ದಾರಿಯ ಮೇಲೆ ಝರಿಯ ನೀರು ಹರಿಯುತ್ತಿತ್ತು. ಉಪ್ಪನ್ನು ನೀರಿನಲ್ಲಿ ಇಡುವುದುಂಟೇ? ಇಳಿಸಿದರೆ ಹೊರೆ ಕರಗುತ್ತದೆ, ಹೊತ್ತು ನಿಂತರೆ ಹೆಂಗಸು ಬೀಳುತ್ತಾಳೆ. ವ್ಯಾಪಾರಿಗೆ ಬೇರೆ ದಾರಿ ತೋಚಲಿಲ್ಲ. ಕಂಬಳಿಯನ್ನು ಸಿಂಬೆ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ಅವಳ ಪಕ್ಕಕ್ಕೆ ಬಂದು ನಿಂತ. ಅವಳು ಮೂಟೆಯನ್ನು ಅವನ ತಲೆಗೆ ಜಾರಿಸಿದಳು.

ಜೀವಮಾನವೆಲ್ಲ ಉಪ್ಪು ಮಾರಿದವನು ಅವತ್ತು ಮೊದಲ ಸಲ ಉಪ್ಪು ಹೊತ್ತ. ಕುತ್ತಿಗೆ ಹೆಗಲೊಳಗೆ ಇಳಿದುಹೋದಂತಾಯಿತು. ತನ್ನ ಪಾದ ಬಿಟ್ಟು ಬೇರೇನೂ ಕಾಣಲಿಲ್ಲ. ತನ್ನ ಮನೆ, ತಾನು ಕಟ್ಟಿಸಿದ ಕೆರೆ, ಛತ್ರ, ಹೆಣ್ಣುಮಕ್ಕಳ ಮೈಮೇಲಿನ ಬಂಗಾರ, ಎಲ್ಲವೂ ಈ ದಾರಿಯಲ್ಲಿ ಹೀಗೆಯೇ ಯಾರ ಯಾರದೋ ತಲೆಯ ಮೇಲೆ ಕೂತು ಬಂದದ್ದೆಂದು ಅವನಿಗೆ ಅರಿವಾಯಿತು. ಅವರಲ್ಲಿ ಒಬ್ಬರಿಗಾದರೂ, ನಿಮ್ಮಿಂದ ನನಗೆ ಉಪಕಾರವಾಯಿತು ಎಂದಿದ್ದೆನೇ? ಎಷ್ಟು ಯೋಚಿಸಿದರೂ ಹಾಗೆ ಅಂದದ್ದು ನೆನಪಾಗಲಿಲ್ಲ. ಹೇಳಬೇಕಾದವನು ನಾನು, ಕೇಳಲು ಬಂದು ಕೂತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

“ಉಸ್ಸಪ್ಪಾ” ಎಂದು ಹೆಂಗಸು ಬಂಡೆಗೆ ಒರಗಿದಳು. ಉಸಿರು ತಿರುಗಿದ ಮೇಲೆ ಅವಳಿಗೂ ಮಾತು ಬಂತು.

“ನಿನ್ನ ಹೊಟ್ಟೆ ತಣ್ಣಗಿರಲಿ ಅಜ್ಜ. ಆ ಸಾವುಕಾರನ ಹೊಟ್ಟೇನೂ ತಣ್ಣಗಿರಲಿ. ಕೆಳಗಿನ ಕಲ್ಲುಗಳಿಲ್ದಿದ್ರೆ ನಾನು ಇಲ್ಲೀತನಕ ಬರ್ತಿರಲಿಲ್ಲ. ಆದ್ರೂ ಜುಗ್ಗ ಕಣಜ್ಜ ಅವನು! ಕೂಲಿ ಕೊಡೋವಾಗ ಮಾತ್ರ ಕೈ ಏಳಾಕಿಲ್ಲ.”

ಹರಕೆಯೂ ಬೈಗುಳವೂ ಒಂದೇ ಉಸಿರಿನಲ್ಲಿ ಬಂದವು. ವ್ಯಾಪಾರಿಗೆ ಏನಾದರೂ ಹೇಳಬೇಕೆನಿಸಿತು. ಬಾಯಿ ತೆರೆದ. ಮಾತು ಹೊರಡಲಿಲ್ಲ. ತಲೆಯ ಮೇಲೆ ಹೊರೆ ಇರುವಾಗ ಹೊಗಳುವುದಕ್ಕೂ ಉಸಿರಿಲ್ಲ, ತೆಗಳುವುದಕ್ಕೂ ಉಸಿರಿಲ್ಲ. ಆಗ ಬೆಳಗಿನಿಂದ ಕಂಡದ್ದು ಅವನಿಗೆ ನೆನಪಾಯಿತು. ಹೊರೆ ಹೊತ್ತು ಬರುವಾಗ ಯಾರೂ ಅವನನ್ನು ಬೈದಿರಲಿಲ್ಲ. ಎಲ್ಲರೂ ಮೊದಲು ಕಲ್ಲಿಗೆ ಇಳಿಸಿದ್ದರು, ‘ಉಸ್ಸಪ್ಪಾ’ ಎಂದಿದ್ದರು, ಆಮೇಲೆ ಬೈದಿದ್ದರು. ಬೈಯಲು ಬೇಕಾದ ಉಸಿರನ್ನು ಕೊಟ್ಟದ್ದು ಅವನ ಕಲ್ಲೇ. ಹೊರೆಯ ಕೆಳಗೇ ಅವನಿಗೆ ನಗು ಬಂತು.

“ಯಾಕಜ್ಜ ನಗ್ತೀಯ? ಹೊರೆ ಬೀಳಿಸೀಯ!” ಎಂದು ಹೆಂಗಸು ಗದರಿ, ಮೂಟೆಯನ್ನು ಮತ್ತೆ ತನ್ನ ತಲೆಗೆ ಜಾರಿಸಿಕೊಂಡಳು.

ವ್ಯಾಪಾರಿ ಅವಳಿಗೆ ಕೈಮುಗಿದ. ತಲೆಯ ಮೇಲೆ ಹೊರೆ ಇದ್ದವಳಿಗೆ ಹಿಂದೆ ತಿರುಗಿ ನೋಡಲಾಗಲಿಲ್ಲ. ಅವಳು ಹೆಜ್ಜೆ ನೋಡಿಕೊಂಡು ನಡೆದುಹೋದಳು.

ಮರುದಿನ ತಿರುವಿನ ಕಲ್ಲು ಮೇಲೆ ಬಂತು. ಅದನ್ನು ನಿಲ್ಲಿಸುವಾಗ ವ್ಯಾಪಾರಿಯೂ ಒಂದು ಕೈ ಹಾಕಿದ. ಗುಮಾಸ್ತನನ್ನು ಕರೆದು ಹೊರುವವರ ಕೂಲಿ ಹೆಚ್ಚಿಸಿದ. ಇಷ್ಟಾದ ಮೇಲೆ ಜನ ಬೈಯುವುದನ್ನು ಬಿಟ್ಟರೇ? ಊರ ಬಾಯಿಗೆ ಮುಚ್ಚಳ ಎಲ್ಲಿದೆ! ಈಗ ಇಷ್ಟು ಕೊಡುವವನು ಇಷ್ಟು ದಿನ ಎಷ್ಟು ನುಂಗಿದ್ದನೋ ಎಂದರು. ವ್ಯಾಪಾರಿ ಇರುವಷ್ಟು ಕಾಲ ಆಗಾಗ ಹೋಗಿ ಆ ಕಲ್ಲಿನ ಪಕ್ಕ ಕೂರುತ್ತಿದ್ದ. ಹೊರೆ ಹೊತ್ತವರು ಬಂದು ‘ಉಸ್ಸಪ್ಪಾ’ ಎಂದಾಗ ಕಂಬಳಿಯೊಳಗೇ ಅವರಿಗೆ ಕೈಮುಗಿಯುತ್ತಿದ್ದ. ಅವರು ಬೈಯತೊಡಗಿದಾಗ, ಸದ್ಯ, ಉಸಿರು ಬಂತಲ್ಲ ಎಂದು ಸಂತೋಷಪಡುತ್ತಿದ್ದ.

ಒಂದು ದಿನ ಆ ಹೆಂಗಸು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಹೊರೆ ಇಳಿಸಿದಳು. ಕೂಸಿನ ಕೈಯನ್ನು ಕಲ್ಲಿಗೆ ಮುಟ್ಟಿಸಿ ತನ್ನ ಕಣ್ಣಿಗೊತ್ತಿಕೊಂಡಳು. ಆಮೇಲೆ ಸಾವುಕಾರನನ್ನು ಎರಡು ಮಾತು ಬೈದೇ ಹೊರೆ ಎತ್ತಿಕೊಂಡಳು. ವ್ಯಾಪಾರಿಗೆ ಕಣ್ಣು ತುಂಬಿ ಬಂತು.

ಗುರುಗಳು ಕತೆ ನಿಲ್ಲಿಸಿದರು. ಚರಂತಯ್ಯನಿಗೆ ಸಮಾಧಾನವಾಗಲಿಲ್ಲ.

“ಹಾಗಾದರೆ ಬೈದವರದ್ದು ಸರಿಯೋ, ತಪ್ಪೋ, ಗುರುಗಳೇ?” ಎಂದು ಕೇಳಿದ.

“ಅದಿರಲಿ ಮಗು, ನೀನು ಒರಗಿರುವ ಆ ಕಂಬವನ್ನು ನಿಲ್ಲಿಸಿದವರು ಯಾರು?” ಎಂದರು ಗುರುಗಳು.

ಚರಂತಯ್ಯ ತಿರುಗಿ ಕಂಬವನ್ನು ನೋಡಿದ. ಯಾರೋ ಕೊಟ್ಟು, ಯಾರೋ ಹೊತ್ತು ತಂದು ನಿಲ್ಲಿಸಿದ ಆ ಕಲ್ಲಿನ ಮೇಲೆ ಯಾರ ಹೆಸರೂ ಇರಲಿಲ್ಲ.