ಮೇಲೇರಿದ ಮಣ್ಣು

ಫ್ರಾನ್ಸಿನ ಲುಆರ್ ನದಿಯ ದಡದಲ್ಲಿ ಮೊಂತ್ರಿಯೆ ಎಂಬ ಪುಟ್ಟ ಊರಿದೆ. ಬಿಳಿ ವೈನಿಗೆ ಹೆಸರಾದ ಸೀಮೆ ಅದು. ಬೆಳಿಗ್ಗೆ ಹೊಳೆಯ ಬದಿಯಲ್ಲಿ ಸೈಕಲ್ ತುಳಿದು, ಮಧ್ಯಾಹ್ನ ಮೇಕೆ ಹಾಲಿನ ಚೀಸ್ ಹಚ್ಚಿದ ಬ್ರೆಡ್ ತಿಂದು, ಸುಣ್ಣಕಲ್ಲಿನ ನೆಲಮಾಳಿಗೆಯ ತಂಪಿನಲ್ಲಿ ಒಂದಿಷ್ಟು ಹೊತ್ತು ಕುಳಿತೆದ್ದರೆ ದಿನ ಸರಿದದ್ದೇ ತಿಳಿಯುವುದಿಲ್ಲ. ಅವಸರದವರು ಆ ಕಡೆ ಸುಳಿಯದಿರುವುದೇ ಮೇಲು. ಊರ ಹಿಂದೆ ದ್ರಾಕ್ಷಿ ತೋಟಗಳಿಂದ ತುಂಬಿದ ಗುಡ್ಡವೊಂದಿದ್ದು, ಅದನ್ನು ‘ಲಾ ರಮೊಂತೆ’ ಎನ್ನುತ್ತಾರೆ. ಮರಳಿ ಮೇಲೇರಿದ್ದು ಎಂದು ಅದರ ಅರ್ಥ. ಅರ್ಧ ಹತ್ತುವಷ್ಟರಲ್ಲಿ ನನಗೆ ಏದುಸಿರು ಬಂದಿತ್ತು. ಇಲ್ಲಿ ಮೇಲೇರುವುದು ಪ್ರವಾಸಿಗರ ಉಸಿರೇ ಇರಬೇಕು ಎಂದೆ. ನಾನು ತಂಗಿದ್ದ ಮನೆಯ ಯಜಮಾನಿ ಒದೀಲ್ ಜೊತೆಗಿದ್ದರು. ಎಂಬತ್ತು ದಾಟಿದ ಅವರಿಗೆ ಉಸಿರೇನೂ ಏರಿರಲಿಲ್ಲ. “ಉಸಿರಲ್ಲ, ಮಣ್ಣು” ಎಂದು ನಕ್ಕು, ದಾರಿಬದಿಯ ಕಲ್ಲಿನ ಮೇಲೆ ಕುಳಿತು ಅವರು ಹೇಳಿದ ಐತಿಹ್ಯ ಇದು.

ಹಿಂದೆ ಒಮ್ಮೆ, ಆ ಸೀಮೆಯನ್ನು ದೊರೆಗಳು ಆಳುತ್ತಿದ್ದ ಕಾಲದಲ್ಲಿ, ಗುಡ್ಡದ ನೆತ್ತಿಯ ತೋಟ ಪೆರಿನ್ ಎಂಬ ವಿಧವೆಯದಾಗಿತ್ತು. ಅದರ ಕೆಳಗಿನ ತೋಟ ಬ್ಲೇಜ್ ಎಂಬ ಸಿರಿವಂತನದು. ಮಳೆ ಬಿದ್ದಾಗಲೆಲ್ಲ ಮೇಲಿನ ತೋಟದ ಮಣ್ಣು ಜಾರಿ ಕೆಳಗಿನ ತೋಟದಲ್ಲಿ ನಿಲ್ಲುತ್ತಿತ್ತು. ಚಳಿಗಾಲದಲ್ಲಿ ಆ ಮಣ್ಣನ್ನು ಬೆನ್ನಬುಟ್ಟಿಯಲ್ಲಿ ತುಂಬಿ ಮತ್ತೆ ಮೇಲಕ್ಕೆ ಹೊರುವುದು ಅಲ್ಲಿನವರ ವಾಡಿಕೆ. ಅದಕ್ಕೊಂದು ಕಟ್ಟಳೆಯೂ ಇತ್ತು. ದ್ರಾಕ್ಷಿ ಬೆಳೆಗಾರರನ್ನು ಕಾಯುವ ಸಂತ ವಿನ್ಸೆಂಟನ ಹಬ್ಬದ ದಿನ ಹೊತ್ತು ಮುಳುಗುವವರೆಗೆ ಮಣ್ಣು ಮೇಲಿನವರದು. ಆಮೇಲೆ ಉಳಿದದ್ದು ಕೆಳಗಿನವರದು. ಮಣ್ಣಿನ ಕಳವಾಗಬಾರದೆಂದು, ತೋಟದ ಮನೆಯವರಲ್ಲದೆ ಬೇರೆ ಯಾರೂ ಬುಟ್ಟಿ ಮುಟ್ಟುವಂತಿರಲಿಲ್ಲ. ಆ ವರ್ಷ ಮಳೆ ಜೋರಾಗಿ ಸುರಿದು ಪೆರಿನಳ ಬಳ್ಳಿಗಳ ಬೇರುಗಳೆಲ್ಲ ಹೊರಬಿದ್ದವು. ಅದೇ ಹೊತ್ತಿಗೆ ಅವಳು ಜಾರಿ ಬಿದ್ದು ಕಾಲು ಮುರಿದುಕೊಂಡಳು. ಮಕ್ಕಳಿಲ್ಲದ ಮನೆ. ಮಣ್ಣು ಮೇಲೇರದಿದ್ದರೆ ಬಳ್ಳಿಗಳು ಒಣಗುತ್ತವೆ, ಗಂಡ ನೆಟ್ಟ ತೋಟ ಕೈತಪ್ಪುತ್ತದೆ ಎಂದು ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ಬ್ಲೇಜನ ಮುಂದೆ ಕೈಚಾಚಲು ಅವಳಿಗೆ ಮನಸ್ಸಿಲ್ಲ. ಬ್ಲೇಜನಿಗೋ, ಕಟ್ಟಳೆ ಒಮ್ಮೆ ಸಡಿಲಿಸಿದರೆ ನಾಳೆ ಊರೆಲ್ಲ ತನ್ನ ಬಾಗಿಲಿಗೆ ಬಂದೀತೆಂಬ ಲೆಕ್ಕಾಚಾರ. ಇಬ್ಬರೂ ಬಿಗುಮಾನದಲ್ಲಿ ಒಬ್ಬರಿಗಿಂತ ಒಬ್ಬರು ಮಿಗಿಲು.

ಹಬ್ಬ ಬಂದೇ ಬಂತು. ಪೂಜೆ ಮುಗಿದ ಮೇಲೆ ಎಲ್ಲರ ವೈನನ್ನೂ ಒಂದೇ ಬಗೆಯ ಹೂಜಿಗಳಲ್ಲಿ ಇಟ್ಟು, ಯಾವುದು ಯಾರದೆಂದು ಹೇಳದೆ ಹಂಚುವುದು ಊರಿನ ಪದ್ಧತಿ. ಬೇರೆಯವರ ವೈನನ್ನು ತನ್ನದೆಂದು ಕೊಚ್ಚಿಕೊಂಡವನು ಮನೆಯವರೊಂದಿಗೆ ಆ ದಿನವೇ ಅವರ ತೋಟಕ್ಕೆ ಮಣ್ಣು ಹೊರಬೇಕು. ಹೊರಗಿನವರು ಬುಟ್ಟಿ ಮುಟ್ಟಬಹುದಾಗಿದ್ದುದು ಈ ದಂಡಕ್ಕೆ ಮಾತ್ರ. ಬ್ಲೇಜನ ನಾಲಗೆಯ ಮೇಲೆ ಊರಿಗೇ ನಂಬಿಕೆ; ವೈನಿನ ರುಚಿ ಗುರುತಿಸುವುದರಲ್ಲಿ ಅವನೆಂದೂ ತಪ್ಪಿದವನಲ್ಲ. ಅಂದು ಅವನು ಒಂದು ಬಟ್ಟಲು ಎತ್ತಿ, ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, “ಇದು ನನ್ನದು. ನನ್ನ ಮಣ್ಣಿನ ರುಚಿ ನನಗೆ ಗೊತ್ತಿಲ್ಲವೇ?” ಎಂದ. ಹಂಚುವವನು ಮೆಲ್ಲಗೆ, “ಯಜಮಾನರೇ, ಅದು ಪೆರಿನಮ್ಮನದು” ಎಂದ. ಊರು ಬಿದ್ದು ಬಿದ್ದು ನಕ್ಕಿತು. ಬ್ಲೇಜ್ ಮುಖ ಗಂಟಿಕ್ಕಿಕೊಂಡು, ಹಬ್ಬದ ಅಂಗಿಯಲ್ಲೇ ಬುಟ್ಟಿ ಕಟ್ಟಿಕೊಂಡು, ಗಂಡುಮಕ್ಕಳನ್ನೂ ಎಳೆದುಕೊಂಡು ಗುಡ್ಡ ಹತ್ತಿದ. ಹೊತ್ತು ಮುಳುಗುವ ಮೊದಲು ಬೇರುಗಳೆಲ್ಲ ಮುಚ್ಚಿದ್ದವು. ಊರುಗೋಲು ಹಿಡಿದು ನಿಂತಿದ್ದ ಪೆರಿನ್ ಕೃತಜ್ಞತೆ ಹೇಳಲಿಲ್ಲ. “ನಿಮ್ಮ ನಾಲಗೆ ಕೆಟ್ಟಿದೆ, ಯಜಮಾನರೇ” ಎಂದಳು. “ವಯಸ್ಸಾಯಿತಲ್ಲ” ಎಂದ ಬ್ಲೇಜ್.

ಅವನು ನಿಜವಾಗಿ ತಪ್ಪಿದನೇ ಎಂದು ನಾನು ಒದೀಲರನ್ನು ಕೇಳಿದೆ. ಅವರು ನನ್ನನ್ನು ಪೆದ್ದನಂತೆ ನೋಡಿದರು. ಅಂದಿನಿಂದ ಪ್ರತಿ ಹಬ್ಬದಲ್ಲೂ ಬ್ಲೇಜ್ ಅದೇ ತಪ್ಪು ಮಾಡಿದ, ಪ್ರತಿ ಸಲವೂ ಊರು ನಕ್ಕಿತು, ಅವನು ಬೈದುಕೊಳ್ಳುತ್ತ ಮಣ್ಣು ಹೊತ್ತ ಎನ್ನುತ್ತಾರೆ. ಅವನು ತೀರಿಕೊಂಡ ವರ್ಷದ ಹಬ್ಬದಲ್ಲಿ, ಹಣ್ಣು ಮುದುಕಿಯಾಗಿದ್ದ ಪೆರಿನ್ ಒಂದು ಬಟ್ಟಲನ್ನು ಬಾಯಿಗಿಟ್ಟು, ಒಂದು ಗುಟುಕು ಕುಡಿದು, “ಇದು ನನ್ನದು” ಎಂದಳು. ಅದು ಬ್ಲೇಜ್ ಮಾಡಿದ ಕೊನೆಯ ವೈನೆಂದು ಹಂಚುವವನು ಹೇಳುವ ಮೊದಲೇ ಎಲ್ಲರೂ ಊಹಿಸಿದ್ದರು. ಈ ಸಲ ಯಾರೂ ನಗಲಿಲ್ಲ. ಅವಳು ಬುಟ್ಟಿ ಕೇಳಿ ಪಡೆದು, ಕುಂಟುತ್ತ ಹೊಳೆಯ ದಡಕ್ಕಿಳಿದು, ಅವನ ತೋಟದಿಂದ ಅಲ್ಲಿಗೆ ಜಾರಿದ್ದ ಮಣ್ಣನ್ನು ತನ್ನ ಕೈಲಾದಷ್ಟು ತುಂಬಿ, ಬ್ಲೇಜನ ಬಳ್ಳಿಯೊಂದರ ಬುಡಕ್ಕೆ ತಂದು ಸುರಿದಳು. ಗುಡ್ಡಕ್ಕೆ ಆ ಹೆಸರು ಬಂದದ್ದು ಆ ದಿನ.

ಇಂದು ಆ ಸೀಮೆಯ ತೋಟಗಳ ನಡುವೆಲ್ಲ ಎದೆಯೆತ್ತರದ ಕಲ್ಲುಗೋಡೆಗಳಿವೆ. ಲಾ ರಮೊಂತೆಯಲ್ಲಿ ಮಾತ್ರ ನೆತ್ತಿಯಿಂದ ಹೊಳೆಯವರೆಗೆ ಬಳ್ಳಿಯ ಸಾಲುಗಳು ಎಲ್ಲೂ ತಡೆಯಿಲ್ಲದೆ ಇಳಿಯುತ್ತವೆ. ಬ್ಲೇಜನ ತೋಟ ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿದೆ. ಒದೀಲ್ ಎದ್ದು ನಿಂತು, ಸಂಜೆ ಬಿಸಿಲಿಗೆ ಕೈ ಅಡ್ಡ ಹಿಡಿದು, ಗುಡ್ಡವನ್ನೆಲ್ಲ ಒಮ್ಮೆ ನೋಡಿದರು. ಅವರಿಗೂ ಗೊತ್ತಿರಲಿಲ್ಲ.