ಕೆಂಪಿ ಕೋಳಿ ಹತ್ತಿದ ಕಾರು

ಬನ್ರೋ, ಕಂಬಳಿ ಹೊದ್ದು ಹತ್ತಿರ ಕೂತ್ಕೊಳ್ಳಿ. ಕಿವಿ ಮಾತ್ರ ಹೊರಗಿರಲಿ, ಹೇಳ್ತೀನಿ.

ಮಾಗಿ ಚಳಿಯ ಒಂದು ಮುಂಜಾನೆ. ದ್ಯಾವಯ್ಯನ ಮನೆಗೆ ಅವತ್ತು ಅಳಿಯ ಬರೋನಿದ್ದ. ಅಳಿಯ ಬಂದ ಅಂದ್ರೆ ಕೋಳಿ ಸಾರು ಆಗಲೇಬೇಕಲ್ಲ. ಅದು ತಿಳಿದ ಕೆಂಪಿ ಅನ್ನೋ ಕೋಳಿ, ಅಂಗಳದಲ್ಲಿದ್ದ ಹಳೇ ಕಾರಿನೊಳಗೆ ಹಾರಿ ಕೂತು, "ಮಾವ, ಮನೆಯೋರು ಏಳೋದ್ರೊಳಗೆ ನನ್ನ ಗುಡ್ಡದಾಚೆ ಚಿಕ್ಕಮ್ಮನ ಮನೆಗೆ ಬಿಟ್ಟುಬಿಡು" ಅಂದಳು.

"ಅದಕ್ಕೇನಂತೆ ಮಗಳೇ" ಅಂತ ಕಾರು ಗುರ್ರಂತ ಎಂಜಿನ್ ಶುರು ಮಾಡಿ, ನಿಂತಲ್ಲೇ ನಿಂತಿತು.

"ಹೊರಡು ಮಾವ."

"ತಡಿ. ಎಂಜಿನ್ ಬಿಸಿಯಾಗದೆ ಹೊರಡೋದು ನಮ್ಮ ವಂಶದಲ್ಲೇ ಇಲ್ಲ."

"ನಿಧಾನಕ್ಕೆ ಹೋಗ್ತಾ ಹೋಗ್ತಾ ಬಿಸಿಯಾಗು."

"ಮೊಟ್ಟೆ ಇಡೋಳು ನನಗೆ ಓಡೋದು ಹೇಳಿಕೊಡ್ತೀಯಾ?" ಅಂತ ಕಾರು ಇನ್ನೂ ಜೋರಾಗಿ ಗುರುಗುಟ್ಟಿತು.

ಆ ಸದ್ದಿಗೆ ದ್ಯಾವಯ್ಯ ಎದ್ದು ಬಂದ. ಕಾರಿನೊಳಗೆ ಕೋಳಿ ಕಂಡು, "ಸದ್ಯ, ಹುಡುಕೋ ಕೆಲಸ ತಪ್ಪಿತು" ಅಂತ ಬಾಗಿಲಿಗೆ ಕೈ ಹಾಕಿದ.

"ಮಾವ, ಈಗಲಾದರೂ?"

"ಇನ್ನೊಂಚೂರು, ಮಗಳೇ."

ಕೆಂಪಿ ಕಿಟಕಿಯಿಂದ ಹಾರಿದಳು. ಚಳಿಗೆ ಕಾಲು ಮರಗಟ್ಟಿ ಮೊದಮೊದಲು ಕುಂಟಿದಳು. ಬೇಲಿ ದಾಟೋ ಹೊತ್ತಿಗೆ ಕಾಲು ಬಿಸಿಯಾಯ್ತು, ಆಮೇಲೆ ಅವಳನ್ನ ಹಿಡಿಯೋರು ಯಾರು? ದ್ಯಾವಯ್ಯ ಕಾರು ಹತ್ತಿ ಬೆನ್ನಟ್ಟೋಣ ಅಂದ್ರೆ, ಪೆಟ್ರೋಲೆಲ್ಲ ನಿಂತಲ್ಲೇ ಉರಿದು ಖಾಲಿ.

ಕೆಂಪಿ ಚಿಕ್ಕಮ್ಮನ ಮನೇಲಿ ಮರಿ ಮಾಡ್ಕೊಂಡು ಹಾಯಾಗಿದ್ದಳು. ಅಳಿಯ ಕುಂಬಳಕಾಯಿ ಸಾರು ಉಂಡು, ದ್ಯಾವಯ್ಯನ ಜೊತೆ ಪೆಟ್ರೋಲ್ ಬಂಕಿನ ತನಕ ಕಾರು ತಳ್ಳಿದ. ಕಾರು ಮಾತ್ರ ದಾರಿಯುದ್ದಕ್ಕೂ, "ಮೆಲ್ಲಗೆ ತಳ್ಳಪ್ಪ, ಮೈ ಮತ್ತೆ ತಣ್ಣಗಾಗಿದೆ" ಅಂತಿತ್ತು.