ಆರು ಹೊಗೆಯ ಗುಡ್ಡ

ಬಲ್ಗೇರಿಯಾದ ಬಾಲ್ಕನ್ ಪರ್ವತಸಾಲಿನ ದಕ್ಷಿಣದ ಇಳಿಜಾರಿನಲ್ಲಿ ಗೋರ್ನಾ ಲೀಪಾ ಎಂಬ ಗ್ರಾಮೀಣ ಪುರಸಭೆ ಇದೆ. ಹತ್ತೊಂಬತ್ತು ಹಳ್ಳಿ, ಒಂದು ನದಿ, ಮುನ್ನೂರು ಚದರ ಕಿಲೋಮೀಟರು ಕಾಡು ಮತ್ತು ಕಲ್ಲು. ವಿಸ್ತೀರ್ಣ ಇದುವರೆಗೂ ಕಡಿಮೆಯಾಗಿಲ್ಲ. ಜನಸಂಖ್ಯೆಯ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ: ಐದು ಹಳ್ಳಿಗಳ ಹೆಸರಿನ ಮುಂದೆ ಈಗ ಸೊನ್ನೆ ಇದೆ. ಆದರೂ ಆ ಊರುಗಳ ನಾಮಫಲಕಗಳಿಗೆ ತಪ್ಪದೆ ಬಣ್ಣ ಬಳಿಯುತ್ತಾರೆ. ನದಿಯಾಚೆ ಕಾಣುವ ಬೋಳು ಗುಡ್ಡದಲ್ಲಿ ಮಾತ್ರ ಫಲಕವೂ ಇಲ್ಲ. ಅದಕ್ಕೆ ಆರು ಹೊಗೆಯ ಗುಡ್ಡ ಎನ್ನುತ್ತಾರೆ.

ಹಿಂದೆ ಒಮ್ಮೆ, ಸುಲ್ತಾನರ ಕಾಲದಲ್ಲಿ, ಈ ಸೀಮೆಯಲ್ಲಿ ತಲೆ ಎಣಿಸುತ್ತಿರಲಿಲ್ಲ, ಹೊಗೆ ಎಣಿಸುತ್ತಿದ್ದರಂತೆ. ವಸಂತದ ಒಂದು ಗೊತ್ತಾದ ಮುಂಜಾನೆ ಅಧಿಕಾರಿ ಎದುರಿನ ದಿಣ್ಣೆಯಲ್ಲಿ ಕಂಬಳಿ ಹಾಸಿ ಕೂರುತ್ತಿದ್ದ. ಗುಡ್ಡ ಹತ್ತುವುದು ಅವನ ಘನತೆಗೆ ತಕ್ಕುದಾಗಿರಲಿಲ್ಲ. ಏಳು ಒಲೆಗಳ ಹೊಗೆ ಎದ್ದರೆ ಅದು ಊರು. ಒಂದು ಕಡಿಮೆಯಾದರೂ ಹುಲ್ಲುಗಾವಲು. ಅಲ್ಲಿದ್ದವರು ಬಯಲಿಗೆ ಇಳಿಯಬೇಕು, ಮತ್ತೆ ಹತ್ತಿ ಬರುವಂತಿಲ್ಲ.

ಜ್ವರ ಬಂದ ವರ್ಷ ಆ ಗುಡ್ಡದ ಊರಿನಲ್ಲಿ ಉಳಿದವರು ಇಬ್ಬರು: ಗ್ರೋಜ್ದಾ ಎಂಬ ವಿಧವೆ, ವಲ್ಕೋ ಎಂಬ ಮುದಿ ಕುರುಬ. ಮಿಕ್ಕವರು ಬಯಲಿಗೆ ಇಳಿದಿದ್ದರು. ಗ್ರೋಜ್ದಾ ಇಳಿಯಲಿಲ್ಲ. ಅವಳ ಒಬ್ಬಳೇ ಮಗಳು ನೇದಾ ಮೇಲಿನ ಸ್ಮಶಾನದಲ್ಲಿದ್ದಳು. ಸತ್ತವರ ದಿನ ಬೇಯಿಸಿದ ಗೋಧಿಯನ್ನು ಸಮಾಧಿಯ ಮೇಲೆ ಇಡಬೇಕು. ಇಡುವವರಿಲ್ಲದಿದ್ದರೆ ಸತ್ತವರು ಅಲ್ಲಿಯೂ ಹಸಿದಿರುತ್ತಾರೆ ಎಂಬುದು ಅಲ್ಲಿನ ನಂಬಿಕೆ. ನೇದಾ ಬದುಕಿದ್ದಾಗಲೂ ಹಸಿವು ತಡೆಯುವವಳಲ್ಲ.

ಚಿಮಣಿ ಇನ್ನೂ ನಿಂತಿದ್ದ ಮನೆಗಳು ಸರಿಯಾಗಿ ಏಳು. ಖಾಲಿಯಾದ ಐದರಲ್ಲೂ ತಾನೇ ಒಲೆ ಹಚ್ಚುತ್ತೇನೆ ಎಂದು ಗ್ರೋಜ್ದಾ ಹೇಳಿದಾಗ ವಲ್ಕೋ ನಕ್ಕನಂತೆ.

"ಈ ವಯಸ್ಸಿನಲ್ಲಿ ಐದು ಮನೆಗೆ ಸೊಸೆಯಾಗುತ್ತೀಯಲ್ಲ, ಅಕ್ಕ."

"ಅತ್ತೆಯರಿಲ್ಲದ ಮನೆಗಳು. ಕಷ್ಟವೇನಿಲ್ಲ. ನೀನು ನಿನ್ನ ಒಲೆ ನೋಡಿಕೊ, ಸಾಕು."

ಮೂರು ವಸಂತ ಹೀಗೇ ಕಳೆಯಿತು. ಗ್ರೋಜ್ದಾ ನಸುಕಿನಲ್ಲಿ ಕೆಂಡದ ಮಡಕೆ ಹಿಡಿದು ಮನೆಯಿಂದ ಮನೆಗೆ ಓಡುತ್ತಿದ್ದಳು. ದಿಣ್ಣೆಯ ಮೇಲೆ ಅಧಿಕಾರಿ ಏಳು ಎಂದು ಬರೆದು, ಬೆಣ್ಣೆ ರೊಟ್ಟಿ ತಿಂದು, ಹೊರಡುತ್ತಿದ್ದ. ಲೆಕ್ಕದ ಪ್ರಕಾರ ಊರು ಸುಖವಾಗಿತ್ತು.

ನಾಲ್ಕನೆಯ ವರ್ಷ ಎಣಿಕೆಯ ಮುಂಜಾನೆ ಅವಳು ಐದೂ ಒಲೆ ಹಚ್ಚಿ, ತನ್ನದನ್ನೂ ಹಚ್ಚಿ ಬಂದಾಗ, ವಲ್ಕೋವಿನ ಚಿಮಣಿಯಿಂದಲೂ ಹೊಗೆ ಏಳುತ್ತಿತ್ತು. ಒಳಗೆ ಅವನು ಒಲೆಯ ಮುಂದೆಯೇ ಒರಗಿ ಸತ್ತಿದ್ದ. ಬೆಂಕಿ ಆಗಷ್ಟೇ ಹಿಡಿದುಕೊಂಡಿತ್ತು. ಆ ಗುಡ್ಡದವರಲ್ಲಿ ಹೆಣವಿರುವ ಮನೆಯಲ್ಲಿ ಬೆಂಕಿ ಇರಕೂಡದು. ಮಣ್ಣು ಮಾಡುವ ತನಕ ಒಲೆ ತಣ್ಣಗಿರಬೇಕು. ದಿಣ್ಣೆಯ ಮೇಲೆ ಕಂಬಳಿ ಬಿಚ್ಚುವುದು ಬಾಗಿಲಿನಿಂದ ಕಾಣುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಗ್ರೋಜ್ದಾ ಕೊಡ ತಂದು ಒಲೆಗೆ ನೀರು ಸುರಿದಳು.

ಮಧ್ಯಾಹ್ನ ಇಬ್ಬರು ಸಿಪಾಯಿಗಳು ಏದುಸಿರು ಬಿಡುತ್ತ ಹತ್ತಿ ಬಂದರು.

"ಒಂದು ಹೊಗೆ ಕಡಿಮೆ, ತಾಯಿ."

"ವಲ್ಕೋ ಸತ್ತ. ಸತ್ತವನ ಮನೆಯಲ್ಲಿ ಒಲೆ ಉರಿಸುವುದುಂಟೇ?"

"ಮಿಕ್ಕ ಮನೆಯವರನ್ನು ಕರಿ, ಅವರ ಮುಂದೆಯೇ ಹೇಳುತ್ತೇವೆ."

ಅವಳು ಕರೆಯಲಿಲ್ಲ. ಸಿಪಾಯಿಗಳು ವಲ್ಕೋವನ್ನು ಮಣ್ಣು ಮಾಡಲು ಕೈ ಜೋಡಿಸಿದರು, ಕೆಟ್ಟವರೇನಲ್ಲ. ಆಮೇಲೆ ಅಪ್ಪಣೆಯಂತೆ ಆರೂ ಒಲೆ ಕೆಡಿಸಿದರು. ಹೊರಡುವ ಮುನ್ನ ಅವಳು ಮನೆಯಲ್ಲಿದ್ದ ಗೋಧಿಯ ಚೀಲ ಹೊತ್ತು ಮಗಳ ಬಳಿ ಹೋದಳು. ಬೇಯಿಸಲು ಊರಿನಲ್ಲಿ ಬೆಂಕಿಯಿರಲಿಲ್ಲ. ಅಷ್ಟನ್ನೂ ಹಸಿಯಾಗಿಯೇ ಸಮಾಧಿಯ ಮೇಲೆ ಸುರಿದು, "ಇನ್ನು ಬರುವ ವರ್ಷಗಳಿಗೆಲ್ಲ ಇದೇ, ನೇದಾ, ನಿಧಾನವಾಗಿ ತಿನ್ನು" ಎಂದಳಂತೆ.

ಇಂದು ಗುಡ್ಡ ಹತ್ತಿದವರಿಗೆ ಮನೆಗಳು ಕಾಣುವುದಿಲ್ಲ. ಸ್ಮಶಾನದ ವಾಲಿದ ಕಲ್ಲುಗಳ ನಡುವೆ ಬೇಸಿಗೆಯಲ್ಲಿ ಒಂದು ಮಂಚದಷ್ಟು ಜಾಗದಲ್ಲಿ ತೆನೆ ತೂಗುತ್ತದೆ. ಅದು ಕಾಡುಹುಲ್ಲಿನ ಒಂದು ಜಾತಿ ಎನ್ನುತ್ತಾರೆ ಪುರಸಭೆಯವರು. ಕುರಿ ಮೇಯಿಸುವವರು ಮಾತ್ರ ಆ ಕಡೆಗೆ ಮಂದೆ ಬಿಡುವುದಿಲ್ಲ.